ಕ್ಯಾಲಿಪರ್ ಬೋಲ್ಟ್ ಎರಡು ಸುತ್ತಿಗೇ ನಿಲ್ಲುತ್ತಿದೆ, ಒತ್ತಿ ತಿರುಗಿಸಬಹುದೇ?

ಮೂಡಿಗೆರೆ ಸವಾರ:
ಬೈಕಿನ ಮುಂದಿನ ಬ್ರೇಕ್ ಕ್ಯಾಲಿಪರನ್ನು (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಫೋರ್ಕಿಗೆ ಹಿಡಿದಿಡುವ ಎರಡು ಬೋಲ್ಟುಗಳು ನಮ್ಮ ಮಳೆಗೆ ತುಕ್ಕು ಹಿಡಿದು, ತಲೆಯ ಮೂಲೆ ಸವೆದು ಸ್ಪ್ಯಾನರ್ ಜಾರುತ್ತಿತ್ತು. ಹೇಗೋ ಬಿಚ್ಚಿದೆ. 10 ಎಂಎಂ ದಪ್ಪದವು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ದಪ್ಪ, ಅದೇ ಉದ್ದದ ಸ್ಟೇನ್‌ಲೆಸ್ ಬೋಲ್ಟ್ ಸಿಕ್ಕಿತು. ಕೈಯಲ್ಲಿ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಸ್ಪ್ಯಾನರ್ ಹಾಕಿ ಒತ್ತಲೇ? ಭಾನುವಾರ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು.

ಹಾಸನದ ಹಳೆ ಮೆಕ್ಯಾನಿಕ್:
ಒತ್ತಬೇಡಿ ಸ್ವಾಮಿ. ಸ್ಪ್ಯಾನರ್ ಕೆಳಗಿಡಿ.
ಹಳೆಯ ಬೋಲ್ಟನ್ನೂ ಹೊಸದನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟು, ಥ್ರೆಡ್‌ಗಳನ್ನು ಒಂದರೊಳಗೊಂದು ಕೂರಿಸಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ತೂರಿದರೆ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ) ಬೇರೆ ಎಂದರ್ಥ. ಹಾರ್ಡ್‌ವೇರ್ ಅಂಗಡಿಯವರು ಸಾಮಾನ್ಯವಾಗಿ ಕೊಡುವ 10 ಎಂಎಂ ಬೋಲ್ಟಿನ ಪಿಚ್ 1.5 ಎಂಎಂ, ಕ್ಯಾಲಿಪರಿಗೆ ಬಹಳ ಬೈಕುಗಳಲ್ಲಿ ಬರುವುದು 1.25. ಬಲ ಹಾಕಿದರೆ ಹಾಳಾಗುವುದು ಬೋಲ್ಟಲ್ಲ, ಅಲ್ಯೂಮಿನಿಯಂ ಫೋರ್ಕಿನ ಥ್ರೆಡ್. ಬೋಲ್ಟಿಗೆ ಕೊಡುವ ಕಾಸೆಲ್ಲಿ, ಫೋರ್ಕಿಗೆ ತೆರುವ ದುಡ್ಡೆಲ್ಲಿ!

ಸಕಲೇಶಪುರ ರೈಡರ್:
ಪಿಚ್ ಸರಿಯಿದ್ದರೆ ಸ್ಟೇನ್‌ಲೆಸ್ಸೇ ಒಳ್ಳೆಯದಲ್ಲವೇ ಸರ್? ನಮ್ಮ ಕಡೆಯ ಮಳೆಗೆ ತುಕ್ಕಾದರೂ ಹಿಡಿಯುವುದಿಲ್ಲ.

ಹಾಸನದ ಹಳೆ ಮೆಕ್ಯಾನಿಕ್:
ಹೊಳಪಿಗೆ ಮರುಳಾಗಬೇಡಿ. ಅಂಗಡಿಯ ಸ್ಟೇನ್‌ಲೆಸ್ ಬೋಲ್ಟಿನ ತಲೆಯ ಮೇಲೆ ಹೆಚ್ಚಾಗಿ ಎ2-70 ಎಂದಿರುತ್ತದೆ. ಅದು 450 ಮೆಗಾಪ್ಯಾಸ್ಕಲ್‌ಗೆ (ಎಳೆತದ ಒತ್ತಡದ ಅಳತೆ) ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುತ್ತದೆ. 8.8 ಎಂದು ಬರೆದಿರುವ ಉಕ್ಕಿನ ಬೋಲ್ಟ್ 640ರವರೆಗೆ ತಡೆಯುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಹಿಂದೆ ಹೆಂಡತಿ, ಮಗುವನ್ನು ಕೂರಿಸಿಕೊಂಡು ಬ್ರೇಕ್ ಹಿಡಿದಾಗ ಆ ಎಳೆತವನ್ನೆಲ್ಲ ತಡೆಯುವುದು ಈ ಎರಡೇ ಬೋಲ್ಟು. ಸಾಲದ್ದಕ್ಕೆ, ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಕೂಡಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಿಮ್ಮ ಗಾಡಿಯ ಕಂಪನಿಯ ಬೋಲ್ಟನ್ನೇ ತನ್ನಿ.

ಉದ್ದವನ್ನೂ ಹೋಲಿಸಿ ನೋಡಿ; ಹೆಚ್ಚಾದರೆ ಕೆಲವು ಗಾಡಿಗಳಲ್ಲಿ ತುದಿ ಡಿಸ್ಕಿಗೆ ತಾಗುತ್ತದೆ. ರಂಧ್ರವನ್ನು ಒರೆಸಿ ಒಣಗಿಸಿ, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಒಂದು ತೊಟ್ಟು ಹಾಕಿ (ಕೆಂಪು ಬೇಡ, ಮುಂದೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ). ಎರಡನ್ನೂ ಪೂರ್ತಿ ಕೈಯಲ್ಲೇ ತಿರುಗಿಸಿದ ಮೇಲಷ್ಟೇ ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್). ಎಷ್ಟು ಬಿಗಿ ಎನ್ನುವುದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ, ನನ್ನ ಮಾತಲ್ಲ. ಬೋಲ್ಟ್ ಬಿಚ್ಚಿರುವಾಗ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ನೇತುಬಿಡಬೇಡಿ, ದಾರದಲ್ಲಿ ಕಟ್ಟಿ. ಹೊರಡುವ ಮೊದಲು ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ.

ಮೂಡಿಗೆರೆ ಸವಾರ:
ಬೆಳಕಿಗೆ ಹಿಡಿದೆ, ನೀವು ಹೇಳಿದಂತೆಯೇ ಪಿಚ್ ಬೇರೆ. ಚಿಕ್ಕಮಗಳೂರಿನಲ್ಲಿ ಕಂಪನಿ ಬೋಲ್ಟ್ ಸಿಕ್ಕಿತು. ಕೆಳಗಿನದು ಸಲೀಸಾಗಿ ಹೋಯಿತು, ಮೇಲಿನದು ಮೊದಲ ಸುತ್ತಿನಲ್ಲಿ ಗರಗರ ಎನ್ನುತ್ತಿದೆ.

ಹಾಸನದ ಹಳೆ ಮೆಕ್ಯಾನಿಕ್:
ರಂಧ್ರದ ಬಾಯಿಯ ಥ್ರೆಡ್ ಅಷ್ಟೇ ನಜ್ಜಾಗಿರಬಹುದು. ಲೇತ್ ಅಂಗಡಿಯಲ್ಲಿ 10x1.25 ಟ್ಯಾಪ್ (ಥ್ರೆಡ್ ತಿದ್ದುವ ಉಪಕರಣ) ಹಾಕಿಸಿ ನೋಡಿ. ಒಳಗೂ ಕಿತ್ತಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ನಿಲ್ಲುವ ತಂತಿಯ ಸುರುಳಿ) ಕೂರಿಸುತ್ತಾರೆ. ಅಲ್ಲಿಯವರೆಗೆ ಒಂದು ಬೋಲ್ಟಿನ ಮೇಲೆ ಗಾಡಿ ಓಡಿಸಬೇಡಿ, ಧರ್ಮಸ್ಥಳಕ್ಕೆ ಬಸ್ಸಿದೆ.