ಕಾಡಿನಲ್ಲಿ ದಾರಿ ತಪ್ಪಿದ ಇಬ್ಬರು ಗೆಳತಿಯರು: ಒಬ್ಬಳು ನಿಲ್ಲೋಣ ಎಂದಾಗ ಇನ್ನೊಬ್ಬಳು ನಡೆದುಬಿಟ್ಟರೆ?

ಪ್ರಶ್ನೆ

ನನ್ನ ಮಗಳಿಗೆ ಹನ್ನೊಂದು ವರ್ಷ. ಕಳೆದ ತಿಂಗಳು ಶಾಲೆಯಿಂದ ಕಾಡಿಗೆ ಹೊರಸಂಚಾರ ಹೋಗಿದ್ದಾಗ ಅವಳೂ ಅವಳ ಆಪ್ತ ಗೆಳತಿಯೂ ಗುಂಪಿನಿಂದ ಬೇರ್ಪಟ್ಟು, ದಾರಿ ಕಾಣದೆ ಸುಮಾರು ನಾಲ್ಕು ಗಂಟೆ ಅಲೆದರು. ಕತ್ತಲಾಗುವ ಮುನ್ನ ಇಬ್ಬರೂ ಸಿಕ್ಕರು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಗಾಯವಿರಲಿಲ್ಲ. ಅದಕ್ಕಾಗಿ ನಾನು ಇಂದಿಗೂ ಕೈ ಮುಗಿಯುತ್ತೇನೆ.

ನನ್ನನ್ನು ಕಾಡುತ್ತಿರುವುದು ನಡುವೆ ನಡೆದ ಒಂದು ಸಂಗತಿ. ಸಾಲಿನ ಕೊನೆಯಲ್ಲಿದ್ದ ಇಬ್ಬರೂ ಮರದ ಬೊಡ್ಡೆಯ ಮೇಲೆ ಹರಿಯುತ್ತಿದ್ದ ಇರುವೆಗಳ ಸಾಲನ್ನು ನೋಡುತ್ತ ನಿಂತಿದ್ದಾಗ ಗುಂಪು ಮುಂದೆ ಹೋಗಿತ್ತು. ಕಾಲುದಾರಿ ಎರಡಾಗಿ ಒಡೆಯುವಲ್ಲಿ ಇವರು ತಪ್ಪು ಕವಲನ್ನು ಹಿಡಿದರು. ಅರ್ಧ ಗಂಟೆಯ ಬಳಿಕ ದಾರಿಯೇ ಮಾಯವಾದಾಗ ನನ್ನ ಮಗಳು ಇಲ್ಲೇ ಕುಳಿತಿರೋಣ ಎಂದಳಂತೆ. ಗೆಳತಿ ಒಪ್ಪದೆ, ದೂರದಲ್ಲಿ ವಾಹನದ ಸದ್ದು ಕೇಳಿಸುತ್ತಿದೆ ಎಂದು ಹೊರಟೇಬಿಟ್ಟಳು. ಅವಳ ಬೆನ್ನು ಗಿಡಗಳ ನಡುವೆ ಮರೆಯಾಗುವವರೆಗೂ ಕುಳಿತಿದ್ದ ಮಗಳು ಆಮೇಲೆ ತಡೆಯಲಾರದೆ ಎದ್ದು ಓಡಿ ಅವಳನ್ನು ಸೇರಿಕೊಂಡಳು. ಅಲ್ಲಿಂದ ಮುಂದಿನ ಮೂರು ಗಂಟೆಗಳಲ್ಲಿ ಇಬ್ಬರೂ ಇನ್ನಷ್ಟು ಒಳಗೆ ಹೋದರು.

"ಅವಳ ಹಿಂದೆ ಹೋದದ್ದು ತಪ್ಪಾ ಅಮ್ಮಾ? ಅವಳೊಬ್ಬಳಿಗೇ ಏನಾದರೂ ಆಗಿದ್ದರೆ?" ಎಂದು ಮಗಳು ಕೇಳುತ್ತಾಳೆ. ನನಗೆ ಉತ್ತರ ತೋಚುತ್ತಿಲ್ಲ. ಅಂದು ಮನೆಗೆ ಬಂದ ಅವಳ ನೀರಿನ ಬಾಟಲಿಯ ತಳದಲ್ಲಿ ಎರಡು ಗುಟುಕು ನೀರು ಹಾಗೆಯೇ ಉಳಿದಿತ್ತು. ಇಬ್ಬರೂ ಇನ್ನೊಬ್ಬಳಿಗೆ ಇರಲಿ ಎಂದು ಕುಡಿಯದೆ ಬಿಟ್ಟದ್ದಂತೆ. ಈಗ ಇಬ್ಬರನ್ನೂ ಒಂದೇ ಗುಂಪಿಗೆ ಹಾಕುವುದಿಲ್ಲ ಎಂದು ಶಾಲೆಯವರು ತೀರ್ಮಾನಿಸಿದ್ದಾರೆ. ಗೆಳತಿಯ ಮನೆಯವರಿಗೂ ಅದೇ ಸರಿಯೆನಿಸಿದೆ. ಮುಂದಿನ ಹೊರಸಂಚಾರಕ್ಕೆ ಮುಂಚೆ ಮಗಳಿಗೆ ನಾನು ಏನು ಹೇಳಿಕೊಡಲಿ?

ಉತ್ತರ 1

ನಾನು ಹಲವು ವರ್ಷಗಳಿಂದ ಕಾಡಿನಲ್ಲಿ ಕಳೆದುಹೋದವರನ್ನು ಹುಡುಕುವ ಸ್ವಯಂಸೇವಕ ತಂಡದಲ್ಲಿದ್ದೇನೆ. ನಿಮ್ಮ ಮಗಳ ಪ್ರಶ್ನೆಗೆ ಮೊದಲು ನೇರವಾಗಿ ಉತ್ತರಿಸುತ್ತೇನೆ: ಕುಳಿತಿರೋಣ ಎಂದ ಅವಳ ಯೋಚನೆ ಸರಿಯಾಗಿತ್ತು, ಆ ಯೋಚನೆ ನಡೆಯದೆ ಹೋದಾಗ ಗೆಳತಿಯ ಹಿಂದೆ ಓಡಿದ್ದೂ ತಪ್ಪಲ್ಲ. ಇಬ್ಬರು ಎರಡು ಕಡೆ ಚದುರಿದರೆ ಹುಡುಕುವವರು ಎರಡು ಹುಡುಕಾಟ ನಡೆಸಬೇಕಾಗುತ್ತದೆ, ಅಲ್ಲದೆ ಮಕ್ಕಳಿಬ್ಬರೂ ಒಂಟಿಯಾಗುತ್ತಾರೆ. ಒಟ್ಟಿಗಿದ್ದರೆ ಒಬ್ಬಳು ಅಳುವಾಗ ಇನ್ನೊಬ್ಬಳು ಧೈರ್ಯ ಹೇಳಬಹುದು, ಚಳಿಯಾದರೆ ಅಂಟಿಕೊಂಡು ಕೂರಬಹುದು. ಅವಳಿಗೆ ಇದನ್ನು ಸ್ಪಷ್ಟವಾಗಿ ಹೇಳಿ. ಆ ಭಾರವನ್ನು ಮಗು ಹೊತ್ತುಕೊಂಡು ತಿರುಗಬಾರದು.

ಇನ್ನು ನಿಂತಲ್ಲೇ ನಿಲ್ಲುವುದು ಏಕೆ ಮುಖ್ಯ ಎಂಬುದನ್ನು ಮಕ್ಕಳಿಗೆ ಲೆಕ್ಕದ ಮೂಲಕವೇ ತೋರಿಸಬಹುದು. ಮಗು ಗಂಟೆಗೆ ಮೂರು ಕಿಲೋಮೀಟರ್ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಕೊನೆಯದಾಗಿ ಕಂಡ ಜಾಗದಿಂದ ಅದು ಯಾವ ದಿಕ್ಕಿಗೆ ಹೋಯಿತೆಂದು ನಮಗೆ ಗೊತ್ತಿರುವುದಿಲ್ಲವಾದ್ದರಿಂದ ಒಂದು ಗಂಟೆಯ ಬಳಿಕ ನಾವು ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು 28 ಚದರ ಕಿಲೋಮೀಟರ್ ಆಗುತ್ತದೆ, ಎರಡು ಗಂಟೆಯ ಬಳಿಕ ಅದು ಸುಮಾರು 113. ಸಮಯ ಎರಡರಷ್ಟಾದಾಗ ಕಾಡು ನಾಲ್ಕರಷ್ಟಾಗುತ್ತದೆ. ಕುಳಿತ ಮಗುವಿಗೆ ಈ ವೃತ್ತ ಬೆಳೆಯುವುದೇ ಇಲ್ಲ.

ನೇರವಾಗಿ ನಡೆದರೆ ಎಲ್ಲಾದರೂ ಹೊರಗೆ ಬಂದೇ ಬರುತ್ತೇವೆ ಎಂಬ ನಂಬಿಕೆ ದೊಡ್ಡವರಲ್ಲೂ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರಲ್ಲಿದ್ದ ಯಾನ್ ಸೌಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ಮಂದಿಯನ್ನು ದಟ್ಟ ಕಾಡಿನಲ್ಲಿ ಬಿಟ್ಟು, ಸಾಧ್ಯವಾದಷ್ಟು ನೇರವಾಗಿ ನಡೆಯಿರಿ ಎಂದು ಹೇಳಿ, ಜಿಪಿಎಸ್ ಮೂಲಕ ಅವರ ಜಾಡನ್ನು ದಾಖಲಿಸಿದರು. ಮೋಡ ಕವಿದ ದಿನ ನಡೆದ ನಾಲ್ವರೂ ಸುತ್ತು ಹೊಡೆದರು. ತಾವು ಹಿಂದೆ ನಡೆದ ಜಾಡನ್ನೇ ದಾಟಿದರೂ ಅದು ಕೆಲವರಿಗೆ ತಿಳಿಯಲಿಲ್ಲ. ಬಿಸಿಲಿದ್ದಾಗ ನಡೆದ ಇಬ್ಬರು ಮಾತ್ರ ಬಹುಮಟ್ಟಿಗೆ ನೇರವಾಗಿ ಸಾಗಿದರು. ಸೂರ್ಯನಂಥ ಗುರುತು ಕಾಣದಿದ್ದರೆ ದೊಡ್ಡವರ ಕಾಲೂ ಮೋಸ ಹೋಗುತ್ತದೆ ಎಂದಮೇಲೆ ಹನ್ನೊಂದರ ಹುಡುಗಿಯನ್ನು ದೂರುವುದಕ್ಕೆ ಏನಿದೆ?

ಮಕ್ಕಳಿಗೆ ಕಲಿಸುವ ವಿಧಾನ ಬೇಕಿದ್ದರೆ 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ 'ಹಗ್ ಎ ಟ್ರೀ', ಎಂದರೆ ಮರವನ್ನು ತಬ್ಬಿಕೋ, ಎಂಬ ತರಬೇತಿಯನ್ನು ನೋಡಿ. ಪಾಲೊಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿ ಚಳಿಗೆ ಸಿಲುಕಿ ಜೀವ ಕಳೆದುಕೊಂಡ ಬಳಿಕ, ಅವನನ್ನು ಹುಡುಕಲು ಹೋಗಿದ್ದವರೇ ಅದನ್ನು ರೂಪಿಸಿದರು. ದಾರಿ ತಪ್ಪಿದೆ ಎಂದು ಅನಿಸಿದೊಡನೆ ಬಯಲಿನ ಅಂಚಿನ ಒಂದು ಮರವನ್ನು ಆರಿಸಿಕೊಂಡು ಅದರ ಬಳಿಯೇ ಉಳಿಯಬೇಕು. ಮರ ಕೈಗೆ ಸಿಗುವ ಗಟ್ಟಿ ವಸ್ತು. ಅದನ್ನು ಹಿಡಿದುಕೊಂಡ ಮಗುವಿಗೆ ಓಡಬೇಕೆನ್ನುವ ತವಕ ಇಳಿಯುತ್ತದೆ. ಪ್ರತಿ ಮಗುವಿನ ಬಳಿಯೂ ಒಂದು ಸೀಟಿ ಮತ್ತು ಎದ್ದು ಕಾಣುವ ಬಣ್ಣದ ದೊಡ್ಡದೊಂದು ಪ್ಲಾಸ್ಟಿಕ್ ಚೀಲ ಇರಬೇಕು. ಕೂಗಿದರೆ ಗಂಟಲು ಬೇಗ ಕಟ್ಟುತ್ತದೆ, ಸೀಟಿಯ ಸದ್ದು ಕೂಗಿಗಿಂತ ದೂರ ಹೋಗುತ್ತದೆ. ಮೂರು ಬಾರಿ ಊದಿ, ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಊದಬೇಕು. ಚೀಲಕ್ಕೆ ಮುಖ ಹೊರಬರುವಷ್ಟು ಕಿಂಡಿ ಮಾಡಿ ಅದನ್ನು ತಲೆಯಿಂದ ಹಾಕಿಕೊಂಡರೆ ಮಳೆಗಾಳಿ ತಟ್ಟುವುದಿಲ್ಲ. ಮುಖವನ್ನು ಮಾತ್ರ ಎಂದೂ ಮುಚ್ಚಬಾರದು ಎಂಬುದನ್ನು ಒತ್ತಿ ಹೇಳಿ.

ಆ ಎರಡು ಗುಟುಕು ನೀರಿನ ಬಗ್ಗೆ ಓದಿ ಮನಸ್ಸು ಕರಗಿತು. ಆದರೂ, ಬಾಯಾರಿದಾಗ ಕೈಯಲ್ಲಿರುವ ನೀರನ್ನು ಇಬ್ಬರೂ ಹಂಚಿಕೊಂಡು ಕುಡಿದುಬಿಡಬೇಕು ಎಂದು ಹೇಳಿಕೊಡಿ.

ಉತ್ತರ 2

ನಾನು ಶಿಕ್ಷಕಿ, ಮಕ್ಕಳನ್ನು ಹಲವು ಬಾರಿ ಕಾಡಿಗೆ ಕರೆದೊಯ್ದಿದ್ದೇನೆ. ಗೆಳತಿಯರನ್ನು ಬೇರೆ ಮಾಡುವ ತೀರ್ಮಾನ ಮೂಲ ದೋಷವನ್ನು ಮುಟ್ಟುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊರಸಂಚಾರದಲ್ಲಿ ನಾವು ಮಕ್ಕಳನ್ನು ಜೋಡಿ ಮಾಡುತ್ತೇವೆ. ಜೊತೆಗಾರ ಕಾಣದಿದ್ದರೆ ಕೂಡಲೇ ಹೇಳಬೇಕು ಎನ್ನುತ್ತೇವೆ. ಒಬ್ಬ ಹಿಂದುಳಿದಾಗ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಜೋಡಿಯೇ ಹಿಂದುಳಿದರೆ "ನನ್ನ ಜೊತೆಗಾರ ಇಲ್ಲ" ಎಂದು ಹೇಳುವ ಬಾಯಿಯೂ ಅವರೊಂದಿಗೇ ಹಿಂದುಳಿಯುತ್ತದೆ. ಆಪ್ತ ಸ್ನೇಹಿತರು ಮಾತಿನಲ್ಲಿ ಮುಳುಗಿ, ದಾರಿಯನ್ನು ಇನ್ನೊಬ್ಬರು ಗಮನಿಸುತ್ತಿದ್ದಾರೆ ಎಂದು ಇಬ್ಬರೂ ನಂಬಿರುವುದು ಸಹಜವಾದ್ದರಿಂದ ಒಟ್ಟಿಗೇ ಹಿಂದುಳಿಯುವ ಸಾಧ್ಯತೆ ಅವರಲ್ಲೇ ಹೆಚ್ಚು.

ಒಮ್ಮೆ ನನ್ನ ಗುಂಪಿನಲ್ಲಿ ಹೀಗೆಯೇ ಇಬ್ಬರು ಹುಡುಗರು ಇಪ್ಪತ್ತು ನಿಮಿಷ ಕಾಣೆಯಾಗಿದ್ದರು. ತಲೆ ಎಣಿಸಿದಾಗಲೇ ನನಗೆ ಅದು ತಿಳಿದದ್ದು. ಆ ಎಣಿಕೆಯನ್ನು ಎರಡು ಬಾರಿ ಮಾಡಿದಾಗ ನನ್ನ ಕೈ ನಡುಗುತ್ತಿದ್ದುದು ಈಗಲೂ ನೆನಪಿದೆ. ಅಂದಿನಿಂದ ಎರಡು ಜೋಡಿಗಳನ್ನು ಸೇರಿಸಿ ನಾಲ್ವರ ತಂಡ ಮಾಡುತ್ತೇನೆ, ಒಂದು ಜೋಡಿಯ ಮೇಲೆ ಇನ್ನೊಂದು ಜೋಡಿಯ ಕಣ್ಣಿರುತ್ತದೆ. ಸಾಲಿನ ಕಟ್ಟಕಡೆಗೆ ದೊಡ್ಡವರೊಬ್ಬರು ನಡೆಯುತ್ತಾರೆ, ಅವರಿಗಿಂತ ಹಿಂದೆ ಯಾವ ಮಗುವೂ ಉಳಿಯುವಂತಿಲ್ಲ. ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಎಲ್ಲರೂ ಬಂದು ಸೇರುವವರೆಗೆ ಮುಂದಿನವರು ಹೆಜ್ಜೆ ಇಡುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಈ ಕೊನೆಯ ನಿಯಮವೊಂದೇ ಸಾಕಾಗುತ್ತಿತ್ತು. ಶಾಲೆಯವರೊಂದಿಗೆ ಮಾತನಾಡುವಾಗ ಇವನ್ನು ಕೇಳಿ. ಮಕ್ಕಳ ಸ್ನೇಹದ ವಿಚಾರ ಆಮೇಲೆ ಬರಲಿ.

ಉತ್ತರ 3

ನನಗೆ ಹತ್ತು ವರ್ಷವಾಗಿದ್ದಾಗ ನಾನೂ ನನ್ನ ಗೆಳೆಯನೂ ಶಾಲೆಯ ಪ್ರವಾಸದಲ್ಲಿ ಹೀಗೆಯೇ ಕಳೆದುಹೋಗಿದ್ದೆವು. ಒಂದು ಮಾತು ಹೇಳಬೇಕೆನಿಸಿತು. ನಮ್ಮ ಹೆಸರು ಹಿಡಿದು ಯಾರೋ ಕೂಗುತ್ತಿದ್ದುದು ನಮಗೆ ಕೇಳಿಸಿತ್ತು. ಬೈಗುಳ ತಿನ್ನಬೇಕಾಗುತ್ತದೆ ಎಂಬ ಭಯದಿಂದ ಪೊದೆಯೊಂದರ ಹಿಂದೆ ಉಸಿರು ಬಿಗಿಹಿಡಿದು ಕುಳಿತೆವು. ಪೊದೆಯ ಸಂದಿನಲ್ಲಿ ಅವರ ಟಾರ್ಚಿನ ಬೆಳಕು ಹಾದುಹೋದದ್ದನ್ನೂ ಕಂಡೆವು. ಅವರು ಮತ್ತೆ ಆ ಕಡೆ ಬರುವಷ್ಟರಲ್ಲಿ ಒಂದು ಗಂಟೆಯೇ ಕಳೆದಿತ್ತು. ಕಳೆದುಹೋದುದಕ್ಕೆ ಯಾರೂ ಬೈಯುವುದಿಲ್ಲ, ಹೆಸರು ಕೂಗಿದವರಿಗೆ ಓಗೊಡಬೇಕು ಎಂದು ನಿಮ್ಮ ಮಗಳಿಗೆ ಮುಂಚೆಯೇ ಹೇಳಿಡಿ.

ಆಮೇಲೆ ದೊಡ್ಡವರು ನಮ್ಮಿಬ್ಬರನ್ನು ಬೇರೆ ಬೇರೆ ಬೆಂಚುಗಳಲ್ಲಿ ಕೂರಿಸಿದರು. ಆ ದಿನದ ಬಗ್ಗೆ ಅವನೊಂದಿಗೆ ಮಾತನಾಡುವ ಅವಕಾಶ ನನಗೆ ಎಂದೂ ಸಿಗಲಿಲ್ಲ, ಬೇರೆ ಯಾರಿಗೆ ಹೇಳಿದರೂ ಅದು ಅರ್ಥವಾಗುವಂತಿರಲಿಲ್ಲ. ದಯವಿಟ್ಟು ಆ ಮಕ್ಕಳು ಮಾತನಾಡಿಕೊಳ್ಳಲಿ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಗೆಳತಿಯ ತಾಯಿಯೊಂದಿಗೆ ಮಾತನಾಡಿದೆ. ತಾನು ಹಟ ಮಾಡಿ ಹೊರಟದ್ದಕ್ಕೆ ಆ ಹುಡುಗಿ ರಾತ್ರಿ ನಿದ್ದೆಯಲ್ಲಿ ಅಳುತ್ತಿದ್ದಾಳಂತೆ. ಅದನ್ನು ಕೇಳುವವರೆಗೂ ನಾನು ಅವಳ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಇಬ್ಬರನ್ನೂ ಈ ಭಾನುವಾರ ಒಟ್ಟಿಗೆ ಕೂರಿಸಿ ಮೂರು ಗಂಟೆಗಳ ಲೆಕ್ಕವನ್ನು ಕಾಗದದ ಮೇಲೆ ವೃತ್ತ ಬರೆದು ತೋರಿಸುತ್ತೇನೆ. ಮೊದಲ ಉತ್ತರ ಬರೆದವರಲ್ಲಿ ಇನ್ನೊಂದು ಪ್ರಶ್ನೆ: ಇಬ್ಬರಲ್ಲಿ ಒಬ್ಬಳ ಕಾಲು ಉಳುಕಿ ನಡೆಯಲಾಗದೆ ಹೋದರೆ, ಇನ್ನೊಬ್ಬಳು ಸಹಾಯ ಕರೆತರಲು ಹೋಗಬಹುದೇ?

ಉತ್ತರ 1 ಬರೆದವರು

ಹೋಗಬಾರದು. ದಾರಿ ಗೊತ್ತಿರುವ ದೊಡ್ಡವರಾದರೆ ಮಾತು ಬೇರೆ. ದಾರಿ ತಪ್ಪಿದ ಮಗುವಿಗೆ ಸಹಾಯ ಯಾವ ಕಡೆ ಇದೆ ಎಂಬುದೇ ಗೊತ್ತಿರುವುದಿಲ್ಲ, ಗೆಳತಿಯನ್ನು ಬಿಟ್ಟುಬಂದ ಜಾಗಕ್ಕೆ ಮರಳಿ ಕರೆತರುವುದೂ ಅದಕ್ಕೆ ಆಗುವುದಿಲ್ಲ. ನೋವಾದವಳನ್ನು ಬರಿ ನೆಲದ ಮೇಲೆ ಕೂರಿಸದೆ, ನೆಲ ಮೈಯ ಬಿಸಿಯನ್ನು ಹೀರುವುದರಿಂದ, ಒಣಗಿದ ಎಲೆಗಳನ್ನು ದಪ್ಪವಾಗಿ ಹರಡಿ ಅಥವಾ ಬ್ಯಾಗನ್ನು ಹಾಕಿ ಅದರ ಮೇಲೆ ಕೂರಿಸಲಿ, ಇನ್ನೊಬ್ಬಳು ಸೀಟಿ ಊದಲಿ. ಭಾನುವಾರ ಇಬ್ಬರಿಂದಲೂ ಒಂದು ಒಪ್ಪಂದ ಮಾಡಿಸಿ: ಇಬ್ಬರಲ್ಲಿ ಯಾರಾದರೊಬ್ಬರು "ನಿಲ್ಲೋಣ" ಎಂದರೆ ಇನ್ನೊಬ್ಬರು ವಾದ ಮಾಡದೆ ನಿಲ್ಲಬೇಕು. ಕಾಡಿನೊಳಗೆ, ಭಯದಲ್ಲಿ, ಈ ಮಾತನ್ನು ಹೊಸದಾಗಿ ತೀರ್ಮಾನಿಸಲು ಆಗುವುದಿಲ್ಲವಾದ್ದರಿಂದ ಮನೆಯ ಹಿಂದೆಯೋ ಉದ್ಯಾನದಲ್ಲೋ ಒಂದೆರಡು ಬಾರಿ ಮರ ಆರಿಸಿ, ಕುಳಿತು, ಮೂರು ಬಾರಿ ಸೀಟಿ ಊದಿ ಅಭ್ಯಾಸ ಮಾಡಿಸಿ. ಹೊರಡುವ ದಿನ ಅವರ ಪಾದರಕ್ಷೆಯ ಅಡಿಯ ಅಚ್ಚನ್ನೂ ತೆಗೆದಿಡಿ: ಮಡಿಸಿದ ಟವೆಲ್ಲಿನ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹಾಸಿ ಅದರ ಮೇಲೆ ಒಮ್ಮೆ ತುಳಿಸಿದರೆ ಸಾಕು, ಹೆಜ್ಜೆಗುರುತು ಹುಡುಕುವವರಿಗೆ ನೂರಾರು ಗುರುತುಗಳ ನಡುವೆ ನಿಮ್ಮ ಮಗುವಿನದು ಯಾವುದೆಂದು ತಿಳಿಯುತ್ತದೆ.