ಟೀನಾ ಬಾರ್ ಮರಳಿನಲ್ಲಿ ಸಿಕ್ಕ ಮೂರು ನೋಟಿನ ಕಟ್ಟುಗಳು: ಯಾವ ಸಾಕ್ಷ್ಯವನ್ನು ನಂಬಬೇಕು?

ಪ್ರಶ್ನೆ: ತೋಟದಮನೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಡಿ. ಬಿ. ಕೂಪರ್ ಪ್ರಕರಣವನ್ನು ಗಂಭೀರವಾಗಿ ಓದಿಕೊಂಡವರು ನಮ್ಮ ಎರಡು ಜಿಲ್ಲೆಗಳಲ್ಲಿಯೂ ಕೆಲವರಿದ್ದೀರಿ ಎಂದು ತಿಳಿದು ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ಆತ ಯಾರು ಎಂಬುದು ನನ್ನ ಪ್ರಶ್ನೆಯಲ್ಲ. ಆ ಚರ್ಚೆಗೆ ಸಾಕಷ್ಟು ಜಾಗ ಸಿಕ್ಕಿದೆ, ಶಂಕಿತರ ಹೆಸರುಗಳಿಗೆ ಕೊನೆಯೇ ಇಲ್ಲ. ನನ್ನ ಆಸಕ್ತಿ ಇರುವುದು ಹಣದಲ್ಲಿ.

ತಿಳಿಯದವರಿಗಾಗಿ ಸ್ವಲ್ಪ ಹಿನ್ನೆಲೆ. 1971ರ ನವೆಂಬರ್ 24ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ಹೊರಟಿದ್ದ ನಾರ್ತ್‌ವೆಸ್ಟ್ ಓರಿಯಂಟ್ ಸಂಸ್ಥೆಯ ಬೋಯಿಂಗ್ 727 ವಿಮಾನವನ್ನು, ಡ್ಯಾನ್ ಕೂಪರ್ ಎಂಬ ಹೆಸರಿನಲ್ಲಿ ಟಿಕೆಟ್ ಪಡೆದಿದ್ದ ವ್ಯಕ್ತಿಯೊಬ್ಬ ತನ್ನ ಬಳಿ ಬಾಂಬ್ ಇದೆಯೆಂದು ಬೆದರಿಸಿ ಅಪಹರಿಸಿದ. ಸಿಯಾಟಲ್‌ನಲ್ಲಿ 2 ಲಕ್ಷ ಡಾಲರ್ ಹಾಗೂ ನಾಲ್ಕು ಪ್ಯಾರಾಚೂಟ್‌ಗಳನ್ನು ಪಡೆದು ಪ್ರಯಾಣಿಕರನ್ನು ಬಿಟ್ಟುಕೊಟ್ಟ ಆತ, ವಿಮಾನ ಮತ್ತೆ ಮೇಲೇರಿ ದಕ್ಷಿಣಕ್ಕೆ ಸಾಗುತ್ತಿದ್ದಾಗ ರಾತ್ರಿ ಎಂಟರ ಸುಮಾರಿಗೆ ಹಿಂಬದಿಯ ಮೆಟ್ಟಿಲಿನಿಂದ ಕತ್ತಲೆಗೆ ಜಿಗಿದ. ಮತ್ತೆ ಆತನನ್ನು ಕಂಡವರಿಲ್ಲ. ಕೊಟ್ಟ ಹಣವೆಲ್ಲ 20 ಡಾಲರ್ ಮುಖಬೆಲೆಯ 10,000 ನೋಟುಗಳಾಗಿದ್ದು, ಅವುಗಳ ಕ್ರಮಸಂಖ್ಯೆಗಳನ್ನು ಮೊದಲೇ ಮೈಕ್ರೋಫಿಲ್ಮ್ ಮಾಡಿ ಇಟ್ಟುಕೊಳ್ಳಲಾಗಿತ್ತು.

1980ರ ಫೆಬ್ರವರಿ 10ರಂದು, ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಪಟ್ಟಣದಿಂದ ಕೆಳಕ್ಕೆ ಸುಮಾರು 14 ಕಿಲೋಮೀಟರ್ ದೂರದಲ್ಲಿ, ಕೊಲಂಬಿಯಾ ನದಿಯ ಟೀನಾ ಬಾರ್ ಎಂಬ ಮರಳ ದಂಡೆಯ ಮೇಲೆ, ಬೆಂಕಿ ಹಾಕಲು ಮರಳನ್ನು ಸಮ ಮಾಡುತ್ತಿದ್ದ 8 ವರ್ಷದ ಹುಡುಗನಿಗೆ ಮೂರು ಕಟ್ಟು ನೋಟುಗಳು ಸಿಕ್ಕವು. ಒಟ್ಟು 5,800 ಡಾಲರ್. ಅಂಚುಗಳೆಲ್ಲ ಕರಗಿಹೋಗಿದ್ದರೂ ರಬ್ಬರ್ ಬ್ಯಾಂಡ್‌ಗಳು ಇನ್ನೂ ಕಟ್ಟಿನ ಮೇಲೆಯೇ ಇದ್ದವು.

ಈಗ ನನ್ನ ತೊಡಕು. ತನಿಖೆಯ ಹೊಣೆ ಹೊತ್ತಿದ್ದ ಎಫ್‌ಬಿಐ ಅಧಿಕಾರಿ ರಾಲ್ಫ್ ಹಿಮ್ಮೆಲ್ಸ್‌ಬಾಕ್ ಅವರ ವಾದದಂತೆ, ಕಟ್ಟುಗಳು ಅಪಹರಣವಾದ ಒಂದೆರಡು ವರ್ಷಗಳೊಳಗೇ ದಂಡೆ ಸೇರಿರಬೇಕು. ಇಲ್ಲವಾದರೆ ರಬ್ಬರ್ ಬ್ಯಾಂಡ್‌ಗಳು ಎಂದೋ ಕಳಚಿ ಹೋಗುತ್ತಿದ್ದವು. ಆದರೆ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಲಿಯೊನಾರ್ಡ್ ಪಾಮರ್ ಅವರು ದಂಡೆಯನ್ನು ಅಗೆದು ನೋಡಿ, 1974ರಲ್ಲಿ ನದಿಯ ಹೂಳೆತ್ತಿ ಸುರಿದ ಪದರಕ್ಕಿಂತ ಮೇಲೆ ನೋಟುಗಳಿದ್ದುದರಿಂದ, ಅವು ಆ ವರ್ಷದ ನಂತರವೇ ಅಲ್ಲಿಗೆ ಬಂದಿರಬೇಕು ಎಂದರು. ಒಂದು ಸಾಕ್ಷ್ಯ 1973ರೊಳಗೆ ಎನ್ನುತ್ತದೆ, ಇನ್ನೊಂದು 1974ರ ಮೇಲೆ ಎನ್ನುತ್ತದೆ.

ಇದನ್ನು ಕೈಯಾರೆ ನೋಡಬೇಕೆಂದು, ಹತ್ತಿಯಿಂದ ತಯಾರಿಸಿದ ಕೈಕಾಗದವನ್ನು ನೋಟಿನ ಅಳತೆಗೆ ಕತ್ತರಿಸಿ, ಕಟ್ಟು ಮಾಡಿ, ನಮ್ಮ ತೋಟದ ಕೆರೆಯಲ್ಲಿ ಮುಂಗಾರಿಗೆ ಮೊದಲು ಇಳಿಬಿಟ್ಟೆ. ಕೆಲವನ್ನು ನೀರಂಚಿನ ಮರಳಿನಲ್ಲಿ ಹೂತೆ, ಇನ್ನು ಕೆಲವನ್ನು ಕೆರೆಯ ತಳದ ಕಪ್ಪು ಕೆಸರಿನೊಳಗೆ ಆಳವಾಗಿ ಒತ್ತಿದೆ. ಮಳೆಗಾಲ ಮುಗಿದು ತೆಗೆದಾಗ ಬಿಸಿಲು ಬೀಳುವ ಕಡೆಯ ಬ್ಯಾಂಡ್‌ಗಳು ಅಂಟಂಟಾಗಿ, ಎಳೆದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟು, ಬೆರಳು ತಾಗಿದೊಡನೆ ತುಂಡಾಗುತ್ತಿದ್ದವು. ಕಪ್ಪು ಕೆಸರಿನಲ್ಲಿದ್ದವು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೂ ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು.

ಬ್ಯಾಂಡಿನ ಮಾತು ಸರಿಯೋ, ಪದರದ ಮಾತು ಸರಿಯೋ, ಅಥವಾ ಎರಡನ್ನೂ ಒಪ್ಪುವ ದಾರಿಯೊಂದು ಇದೆಯೋ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಕ್ಯಾಷಿಯರ್, ಹಾಸನ

ಬ್ಯಾಂಡಿನ ಬಗ್ಗೆ ಹೇಳುವ ಮೊದಲು ಕಟ್ಟಿನ ಒಳಗೇನಿತ್ತು ಎಂಬುದನ್ನು ಗಮನಿಸಬೇಕೆಂದು ನನ್ನ ಕೋರಿಕೆ, ಏಕೆಂದರೆ ಕ್ಯಾಷ್ ಕೌಂಟರಿನಲ್ಲಿ ಜೀವಮಾನ ಕಳೆದವನಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ. ಸಿಕ್ಕ ಮೂರು ಪ್ಯಾಕೆಟ್‌ಗಳಲ್ಲಿ ಎರಡರಲ್ಲಿ ನೂರು ನೂರು ನೋಟುಗಳೂ ಮೂರನೆಯದರಲ್ಲಿ ತೊಂಬತ್ತು ನೋಟುಗಳೂ ಇದ್ದವು. ಅದಕ್ಕಿಂತ ಮುಖ್ಯವಾಗಿ, ಅವುಗಳನ್ನು ಕೂಪರ್‌ಗೆ ಕೊಟ್ಟಾಗ ಯಾವ ಅನುಕ್ರಮದಲ್ಲಿ ಇದ್ದವೋ ಅದೇ ಅನುಕ್ರಮದಲ್ಲಿಯೇ ಇದ್ದವು. ಈ ಸಂಗತಿಗೆ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ ಎಂಬುದು ನನ್ನ ಭಾವನೆ.

ಕಟ್ಟು ಬಿಚ್ಚಿ ಒಮ್ಮೆ ಎಣಿಸಿ, ಮತ್ತೆ ತಟ್ಟಿ ಸರಿಪಡಿಸಿದ ಪ್ಯಾಕೆಟ್ಟಿನಲ್ಲಿ ಅನುಕ್ರಮ ಅಲ್ಲಲ್ಲಿ ತಪ್ಪಿಯೇ ತಪ್ಪುತ್ತದೆ. ಒಂದೆರಡು ನೋಟು ತಿರುಗುತ್ತವೆ, ಹರಿದದ್ದು ಕೆಳಗೆ ಹೋಗುತ್ತದೆ. ಬಳಸಿದ ನೋಟುಗಳ ಪ್ಯಾಕೆಟ್ಟಿನಲ್ಲಿ ಸಂಖ್ಯೆಗಳು ಸಾಲಾಗಿ ಇರುವುದಿಲ್ಲವಾದ್ದರಿಂದ, ಕಲೆತರೆ ಮತ್ತೆ ಮೊದಲಿನಂತೆ ಜೋಡಿಸುವುದು ಮೈಕ್ರೋಫಿಲ್ಮ್ ಪಟ್ಟಿ ಕೈಯಲ್ಲಿಲ್ಲದವನಿಗೆ ಸಾಧ್ಯವೇ ಇಲ್ಲ. ಆದುದರಿಂದ ಈ ಮೂರನ್ನು ಯಾರೂ ಬಿಚ್ಚಿ ಎಣಿಸಲಿಲ್ಲ, ನೀರಿನಲ್ಲಿಯೂ ಅವು ಪೂರ್ತಿ ಬಿಡಿಬಿಡಿಯಾಗಿ ಚದುರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಬ್ಯಾಂಡ್ ಹಿಡಿದುಕೊಂಡಿದ್ದಾಗಲೇ ಅವು ಮರಳು ಸೇರಿವೆ.

ಕಡಿಮೆ ಬಿದ್ದ ಹತ್ತು ನೋಟುಗಳನ್ನು ಯಾರೋ ಖರ್ಚು ಮಾಡಿರಬೇಕೆಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಎಫ್‌ಬಿಐ ಆನಂತರ ಅದೇ ದಂಡೆಯನ್ನು ಅಗೆದಾಗ ನೋಟಿನ ಚೂರುಗಳು ಸಿಕ್ಕಿವೆ. ಕೊಳೆತು ಉದುರಿದ ಹೊರಗಿನ ನೋಟುಗಳೇ ಆ ಚೂರುಗಳಾಗಿರುವ ಸಾಧ್ಯತೆ ಹೆಚ್ಚು.

ಹಾಗೆಯೇ, ಉಳಿದ ನೋಟುಗಳಲ್ಲಿ ಒಂದೂ ಚಲಾವಣೆಯಲ್ಲಿ ಪತ್ತೆಯಾಗಲಿಲ್ಲ, ಆದ್ದರಿಂದ ಆತ ಸತ್ತಿರಬೇಕು ಎಂಬ ವಾದವನ್ನೂ ಎಚ್ಚರದಿಂದ ತೂಗಬೇಕು. ಕ್ರಮಸಂಖ್ಯೆಗಳ ಪಟ್ಟಿಯನ್ನು ಬ್ಯಾಂಕುಗಳಿಗೆ, ಜೂಜಿನ ಮನೆಗಳಿಗೆ, ಕುದುರೆ ಪಂದ್ಯದ ಮೈದಾನಗಳಿಗೆ ಹಂಚಲಾಗಿತ್ತು. 1972ರಲ್ಲಿ ಸಾರ್ವಜನಿಕರಿಗೂ ಬಿಡುಗಡೆ ಮಾಡಲಾಯಿತು. ಮುಂದಿನ ವರ್ಷ ಪತ್ರಿಕೆಗಳು ಬಹುಮಾನ ಘೋಷಿಸಿ ಮತ್ತೆ ಪ್ರಕಟಿಸಿದವು. ಆದರೆ ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಎದುರಿಗೆ ಜನರ ಸಾಲು ನಿಂತಿರುವಾಗ, ಪ್ರತಿ 20 ಡಾಲರ್ ನೋಟನ್ನೂ 10,000 ಸಂಖ್ಯೆಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುವ ಕ್ಯಾಷಿಯರ್ ಯಾವ ದೇಶದಲ್ಲಿಯೂ ಇರಲಾರ.

ಉತ್ತರ: ನೀರಾವರಿ ಇಂಜಿನಿಯರ್, ಬೇಲೂರು

ಹೂಳಿನ ವಿಷಯದಲ್ಲಿ ಎರಡು ಬೇರೆ ಮಾತುಗಳು ಒಂದಕ್ಕೊಂದು ಬೆರೆತುಹೋಗಿವೆ. ಹೂಳೆತ್ತುವ ಯಂತ್ರವೇ ನದಿಯ ತಳದಿಂದ ಹಣವನ್ನು ಎತ್ತಿ ದಂಡೆಗೆ ಹಾಕಿತು ಎಂಬುದು ಒಂದು. ಹೂಳು ಹಾಕಿದ ಮೇಲೆ ಹಣ ಬಂದಿತು ಎಂಬುದು ಇನ್ನೊಂದು. ಪಾಮರ್ ಅವರ ಪದರದ ವಾದ ಎರಡನೆಯದನ್ನು ಮಾತ್ರ ಹೇಳುತ್ತದೆ. ಮೊದಲನೆಯದನ್ನು ನಾನು ನಂಬಲಾರೆ: ಪಂಪಿನ ರೆಕ್ಕೆಗಳ ನಡುವೆ, ಕಲ್ಲು ಮರಳಿನ ಜೊತೆಯಲ್ಲಿ ಉದ್ದನೆಯ ಕೊಳವೆಯೊಳಗೆ ನುಗ್ಗಿ ಬಂದ ಕಾಗದದ ಕಟ್ಟು ಚಿಂದಿಯಾಗುತ್ತದೆ, ಮೂರು ಕಟ್ಟುಗಳು ಜೊತೆಜೊತೆಯಾಗಿ ಒಂದೇ ಕಡೆ ಬೀಳುವುದಂತೂ ದೂರದ ಮಾತು.

ನದಿಯ ದಿಕ್ಕನ್ನೂ ನೋಡಬೇಕು. ಆತ ಜಿಗಿದದ್ದು ಏರಿಯಲ್ ಊರಿನ ಹತ್ತಿರ, ಮರ್ವಿನ್ ಜಲಾಶಯದ ಸುತ್ತಮುತ್ತ ಎಂಬುದು ತನಿಖೆಯ ಮೊದಲ ಅಂದಾಜು. ಆ ಜಲಾಶಯ ಲೂಯಿಸ್ ನದಿಯದ್ದು, ಮತ್ತು ಲೂಯಿಸ್ ನದಿ ಕೊಲಂಬಿಯಾವನ್ನು ಸೇರುವುದು ಟೀನಾ ಬಾರ್‌ಗಿಂತ ಕೆಳಗೆ. ಯಗಚಿ ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುತ್ತದೆ. ಬೇಲೂರಿನಲ್ಲಿ ಯಗಚಿಗೆ ಬಿದ್ದ ವಸ್ತು ಸಕಲೇಶಪುರದ ಸೇತುವೆಯ ಕೆಳಗೆ ಸಿಕ್ಕಿತೆಂದರೆ ನಾವು ಯಾರೂ ಒಪ್ಪುವುದಿಲ್ಲ. ಅದೇ ನ್ಯಾಯ ಇಲ್ಲಿಯೂ. ಹೀಗಾಗಿಯೇ ಕೆಲವರು, ಟೀನಾ ಬಾರ್‌ಗಿಂತ ಮೇಲೆ ಕೊಲಂಬಿಯಾವನ್ನು ಸೇರುವ ವಾಶೂಗಲ್ ನದಿಯ ಕಣಿವೆಯತ್ತ ಬೆರಳು ತೋರಿಸುತ್ತಾರೆ. ನೀರೇ ಹಣವನ್ನು ತಂದಿತು ಎನ್ನುವವರು ವಿಮಾನದ ಹಾದಿಯನ್ನು ಪೂರ್ವಕ್ಕೆ ಸರಿಸಲೇಬೇಕು, ಇಲ್ಲವೇ ಆತ ಕೊಲಂಬಿಯಾದ ಹತ್ತಿರವೇ ಜಿಗಿದ ಎನ್ನಬೇಕು. ಇವೆರಡನ್ನೂ ಒಪ್ಪದಿದ್ದರೆ ಮನುಷ್ಯನ ಕೈಯೊಂದನ್ನು ನಡುವೆ ತರಬೇಕು.

ಉತ್ತರ: ಸಸ್ಯಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು

ತೋಟದಮನೆ ಸರ್, ನೀವು ಹೇಳಿದ ಎರಡು ಸಾಕ್ಷ್ಯಗಳ ಜೊತೆಗೆ ಮೂರನೆಯದೊಂದಿದೆ. ಅದನ್ನು ಹುಡುಕಿದವರು ಪೊಲೀಸರಲ್ಲ. ಸಿಯಾಟಲ್‌ನ ಬರ್ಕ್ ವಸ್ತುಸಂಗ್ರಹಾಲಯದ ಜೊತೆ ಕೆಲಸ ಮಾಡಿದ ಟಾಮ್ ಕೇ ಎಂಬ ಪಳೆಯುಳಿಕೆ ಸಂಶೋಧಕರು ಕಟ್ಟಿದ ಹವ್ಯಾಸಿಗಳ ತಂಡ ಅದು. ಎಫ್‌ಬಿಐ ತಾನಾಗಿಯೇ ಅವರಿಗೆ ಸಾಕ್ಷ್ಯಗಳನ್ನು ಪರೀಕ್ಷಿಸಲು ಬಿಟ್ಟಿತು. ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಟುಗಳನ್ನು ನೋಡಿ, ಅವುಗಳ ಮೇಲೆ ಡಯಾಟಮ್‌ಗಳನ್ನು ಕಂಡರು. 2020ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು.

ಡಯಾಟಮ್ ಎಂದರೆ ಗಾಜಿನಂಥ ಸಿಲಿಕಾ ಕವಚವುಳ್ಳ ಏಕಕೋಶದ ಪಾಚಿ. ಭದ್ರೆಯಲ್ಲಿ ಕಾಲಿಟ್ಟಾಗ ಕಲ್ಲಿನ ಮೇಲೆ ಜಾರುವ ಕಂದು ಲೋಳೆಯಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ. ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಆ ಲೋಳೆಯನ್ನು ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು, ಆಮ್ಲದಲ್ಲಿ ಜೀವದ್ರವ್ಯವನ್ನೆಲ್ಲ ಸುಟ್ಟು ತೊಳೆದರೆ, ಕೊನೆಗೆ ಉಳಿಯುವುದು ಈ ಕವಚಗಳು ಮಾತ್ರ. ವರ್ಷಗಟ್ಟಲೆ ಕೆಡುವುದಿಲ್ಲ. ಒಂದೊಂದು ಜಾತಿಗೂ ಹೆಚ್ಚಾಗಿ ಬೆಳೆಯುವ ಋತು ಬೇರೆ. ನೋಟಿನ ಮೇಲೆ ಸಿಕ್ಕವುಗಳಲ್ಲಿ ಆಸ್ಟರಿಯೊನೆಲ್ಲ ಎಂಬ ನಕ್ಷತ್ರಾಕಾರದ ಗುಂಪಿನದೂ ಇತ್ತು, ಅದು ವಸಂತದಲ್ಲಿ ವೃದ್ಧಿಯಾಗುವಂಥದ್ದು. ಹೀಗಾಗಿ ಅವರ ತೀರ್ಮಾನ ಇಷ್ಟು: ನೋಟುಗಳು ನೀರಿಗೆ ಬಿದ್ದದ್ದು ಮೇ ಅಥವಾ ಜೂನ್ ಹೊತ್ತಿಗೆ. ಅಪಹರಣವಾದದ್ದು ನವೆಂಬರ್ ಕೊನೆಯಲ್ಲಿ, ಆದ್ದರಿಂದ ಆ ರಾತ್ರಿಯೇ ನದಿಗೆ ಬಿದ್ದು ಬೇಗನೆ ಮರಳಿನಲ್ಲಿ ಹೂತುಹೋಗಲಿಲ್ಲ. ಒಣಗಿದ್ದ ಹಣವನ್ನು ಯಾರೋ ನೇರವಾಗಿ ಮರಳಿನಲ್ಲಿ ಹೂತಿಟ್ಟದ್ದೂ ಅಲ್ಲ, ಏಕೆಂದರೆ ಕಟ್ಟಿನ ಒಳಗಿನ ನೋಟುಗಳ ಮೇಲೆಯೂ ಡಯಾಟಮ್‌ಗಳಿದ್ದವು. ಅವು ಒಳಗೆ ಸೇರಬೇಕಾದರೆ ನೀರಿನಲ್ಲಿ ನೋಟುಗಳ ತುದಿಗಳು ಬಿರಿದುಕೊಂಡಿರಬೇಕು.

ನಮ್ಮ ಕಡೆ ನದಿ ತುಂಬುವುದು ಆಷಾಢ ಶ್ರಾವಣದಲ್ಲಿ. ಕೊಲಂಬಿಯಾ ನದಿ ಬೆಟ್ಟಗಳ ಹಿಮ ಕರಗಿ ತುಂಬುವುದು ಮೇ, ಜೂನ್‌ನಲ್ಲಿಯೇ. ಡಯಾಟಮ್ ಹೇಳುವ ಕಾಲವೂ ಪ್ರವಾಹದ ಕಾಲವೂ ಒಂದಾಗಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬ್ಯಾಂಡು ಮತ್ತು ಪದರ ಒಂದನ್ನೊಂದು ಸುಳ್ಳಾಗಿಸುವುದಿಲ್ಲ, ಏಕೆಂದರೆ ಅವು ಅಳೆಯುವುದು ಬೇರೆ ಬೇರೆ ಅವಧಿಗಳನ್ನು. ನೈಸರ್ಗಿಕ ರಬ್ಬರನ್ನು ಕೆಡಿಸುವುದು ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು ಮತ್ತು ಶಾಖ. ಇವು ತಾಗದಿದ್ದಷ್ಟು ಕಾಲವೂ ರಬ್ಬರು ತಾಳಿಕೊಳ್ಳುತ್ತದೆ. ನಿಮ್ಮ ಕೆರೆಯ ಕಪ್ಪು ಕೆಸರಿನ ಬ್ಯಾಂಡ್‌ಗಳು ತೋರಿಸಿದ್ದೂ ಅದನ್ನೇ. ಅಂದರೆ ಬ್ಯಾಂಡಿನ ಸ್ಥಿತಿಯಿಂದ ತಿಳಿಯುವುದು ಗಾಳಿಗೆ ಬಿಸಿಲಿಗೆ ಒಡ್ಡಿಕೊಂಡ ಕಾಲ, ಅಪಹರಣದಿಂದ ಕಳೆದ ಕಾಲವಲ್ಲ. ಡಯಾಟಮ್‌ನಿಂದ ತಿಳಿಯುವುದು ಕಟ್ಟು ನೀರಿನಲ್ಲಿ ಬಿರಿದ ಋತು, ವರ್ಷವಲ್ಲ. ಪದರದಿಂದ ತಿಳಿಯುವುದು ಮರಳಿನಲ್ಲಿ ನೆಲೆಯಾದ ಕಾಲ. ಮೂರನ್ನೂ ಸೇರಿಸಿದರೆ ನನಗೆ ತೋರುವ ಚಿತ್ರ: ಹಣ ಹಲವು ವರ್ಷ ಎಲ್ಲಿಯೋ ಮುಚ್ಚಿದ ಸ್ಥಿತಿಯಲ್ಲಿತ್ತು, 1974ರ ನಂತರದ ಯಾವುದೋ ಬೇಸಗೆಯ ಮೊದಲಲ್ಲಿ ನೀರಿಗೆ ಬಂದಿತು, ಕೆಲವೇ ತಿಂಗಳಲ್ಲಿ ಮರಳು ಸೇರಿತು.

ಮರುಪ್ರಶ್ನೆ: ತೋಟದಮನೆ, ಸಕಲೇಶಪುರ

ಮೇಡಂ, ತಮ್ಮ ವಿವರಣೆ ಓದಿದ ಮೇಲೆ ಕ್ಯಾಷಿಯರ್ ಸಾಹೇಬರ ಮಾತಿಗೂ ಇನ್ನಷ್ಟು ಅರ್ಥ ಬಂದಿತು. ಮೂರು ಕಟ್ಟುಗಳು ಜೊತೆಯಾಗಿ, ಅನುಕ್ರಮ ಕೆಡದೆ ದಂಡೆಗೆ ಬಂದಿವೆಯೆಂದರೆ, ಕೊನೆಯವರೆಗೂ ಅವನ್ನು ಏನೋ ಒಂದು ಒಟ್ಟಿಗೆ ಹಿಡಿದುಕೊಂಡಿತ್ತು. ಕೂಪರ್‌ಗೆ ಹಣ ಕೊಟ್ಟದ್ದು ಬ್ಯಾಂಕಿನ ಕ್ಯಾನ್ವಾಸ್ ಚೀಲದಲ್ಲಿ. ಆತ ಪ್ಯಾರಾಚೂಟಿನ ಹಗ್ಗ ಕತ್ತರಿಸಿ ಅದನ್ನು ಮೈಗೆ ಕಟ್ಟಿಕೊಂಡ. 10,000 ನೋಟುಗಳೆಂದರೆ ಹತ್ತಿರ ಹತ್ತಿರ ಹತ್ತು ಕೆ.ಜಿ. ತೂಕ. ಆ ಚೀಲವೇ ನದಿಯ ತಳದ ಕೆಸರಿನಲ್ಲಿ ಹುದುಗಿದ್ದು, ಕೊನೆಗೆ ಹರಿದು ಕಟ್ಟುಗಳನ್ನು ಬಿಟ್ಟಿರಬಹುದಲ್ಲವೇ?

ಉತ್ತರ: ಸಸ್ಯಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು

ಚೀಲ ಎಂಬುದನ್ನು ಒಪ್ಪುತ್ತೇನೆ, ನದಿಯ ತಳ ಎಂಬಲ್ಲಿ ನನಗೆ ಅನುಮಾನವಿದೆ. ಕ್ಯಾನ್ವಾಸ್ ನೀರನ್ನು ತಡೆಯುವುದಿಲ್ಲ. ವರ್ಷಗಟ್ಟಲೆ ನೀರಿನಲ್ಲಿದ್ದ ಚೀಲದೊಳಗಿನ ಕಾಗದದ ಮೇಲೆ ಎಲ್ಲ ಋತುಗಳ ಡಯಾಟಮ್‌ಗಳೂ ಸೇರಿಕೊಂಡಿರಬೇಕಿತ್ತು. ನೋಟುಗಳ ಮೇಲೆ ಒಂದೇ ಕಾಲದವು ಕಂಡಿರುವುದರಿಂದ, ಅವು ಅಲ್ಲಿಯವರೆಗೆ ನೀರಿನಿಂದ ಹೊರಗಿದ್ದವು, ನೆಲದ ಮೇಲೆಯೋ ನೆಲದೊಳಗೋ ಇದ್ದವು ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಆದರೆ ಬಿಗಿಯಾಗಿ ಕಟ್ಟಿದ ನೂರು ಹಾಳೆಗಳ ನಡುವೆ, ತುದಿ ಬಿರಿಯುವವರೆಗೂ, ಡಯಾಟಮ್ ನುಸುಳುವುದೇ ಇಲ್ಲ ಎಂದು ತೋರಿದರೆ ನಿಮ್ಮ ಮಾತಿಗೂ ಜಾಗವಿದೆ. ಅದನ್ನು ಪ್ರಯೋಗದಿಂದಲೇ ನೋಡಬಹುದು.

ದಪ್ಪ ಕ್ಯಾನ್ವಾಸ್ ಚೀಲದಲ್ಲಿ ಕೆಲವು ಕಟ್ಟುಗಳನ್ನು ಇಟ್ಟು ಕೆರೆಯ ತಳಕ್ಕೆ ಇಳಿಸಿ, ಅಷ್ಟೇ ಕಟ್ಟುಗಳನ್ನು ಚೀಲವಿಲ್ಲದೆ ಪಕ್ಕದಲ್ಲಿ ಕಟ್ಟಿ, ಒಂದನ್ನು ಹೋಲಿಕೆಗೆಂದು ಮನೆಯೊಳಗೆ ಒಣಗಿರುವಂತೆ ಇಡಿ. ತೆಗೆಯುವಾಗ ಹೊರಗಿನ ಹಾಳೆ, ನಡುವಿನ ಹಾಳೆ ಎರಡನ್ನೂ ಬೇರೆ ಬೇರೆ ಸೀಸೆಗಳಲ್ಲಿ ಸ್ಪಿರಿಟ್ ಹಾಕಿ ಮುಚ್ಚಿ, ದಿನಾಂಕ ಬರೆದು, ಅಂದಿನ ಕೆರೆಯ ನೀರನ್ನೂ ಒಂದು ಸೀಸೆಯಲ್ಲಿ ತುಂಬಿಕೊಳ್ಳಿ. ಯುಗಾದಿ ಕಳೆದ ಮೇಲೆ ಕಾಲೇಜಿಗೆ ತನ್ನಿ. ನಮ್ಮಲ್ಲಿರುವ 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಈ ಕೆಲಸಕ್ಕೆ ಸಾಕಾಗುತ್ತದೆ.