ಕಾಮಿಕ್‌ನ ಗೆರೆ ಬದಲಿಸಿದೆ, ಓದುಗರು ಮುನಿಸಿಕೊಂಡಿದ್ದಾರೆ. ಹಳೇ ಪೆನ್ನಿಗೇ ಹೋಗ್ಲಾ?

ಕೋಡಿಬಾಗದವಳು ಕೇಳಿದ್ದು:

ಕಾರವಾರ ಮಾರ್ಕೆಟಿನಲ್ಲಿ ಮೀನು ಮಾರುವ ಒಬ್ಬ ಬಾಯಿ (ಹೆಂಗಸು), ಅವಳ ಬುಟ್ಟಿ, ಅವಳ ನಾಲಿಗೆಗೆ ಸಿಕ್ಕಿಬೀಳುವ ಗಿರಾಕಿಗಳು. ನನ್ನ ಕಾಮಿಕ್ ಅಂದ್ರೆ ಇಷ್ಟೇ. ವಾರಕ್ಕೊಂದು ಕಂತು ಇನ್‌ಸ್ಟಾಗ್ರಾಮಿಗೆ ಹಾಕ್ತೇನೆ. ಇಷ್ಟು ವರ್ಷ ನಿಬ್ಬು, ಕಪ್ಪು ಇಂಕು, ದಪ್ಪ ಕಾಗದ. ನೆರಳು ಬೇಕಾದಲ್ಲೆಲ್ಲ ಒತ್ತೊತ್ತಾಗಿ ಅಡ್ಡಗೆರೆ. ಜೂನ್, ಜುಲೈ ಟ್ರಾಲರ್ ಬಂದ್ ಇರುವಾಗ ಬಾಯಿಗೂ ರಜೆ, ನನಗೂ ರಜೆ. ಈ ಸಲ ಆಗಸ್ಟ್ 1ಕ್ಕೆ ಬೈತಖೋಲ್ ಬಂದರಿನಿಂದ ಬೋಟು ಹೊರಟ ದಿನವೇ ಹೊಸ ಕಂತು ಹಾಕಿದೆ. ಟ್ಯಾಬ್ಲೆಟ್ಟಿನಲ್ಲಿ ಬಿಡಿಸಿದ್ದು. ದಪ್ಪ ಗೆರೆ, ಚಪ್ಪಟೆ ಬಣ್ಣ, ನೆರಳಿಲ್ಲ.

ಮುಖ್ಯ ಕಾರಣ ಮಣಿಕಟ್ಟು. ಅಡ್ಡಗೆರೆ ಎಳೆದೂ ಎಳೆದೂ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ನೋವು. ಕಾಯಿ ತುರಿಯೋಕೂ ಆಗ್ತಿರಲಿಲ್ಲ, ಕಾಯಿ ಇಲ್ಲದೆ ನಮ್ಮಲ್ಲಿ ಮೀನಿನ ಸಾರು ಆಗೋದುಂಟಾ? ಮತ್ತೆ ಮೊಬೈಲಿನ ರಗಳೆ. ಕಾಗದದ ಮೇಲೆ ಚಂದ ಕಾಣುವ ಸಣ್ಣ ಗೆರೆಗಳು 1080 ಪಿಕ್ಸೆಲ್ ಅಗಲಕ್ಕೆ ಕುಗ್ಗಿದ ಕೂಡಲೇ ಒಂದಕ್ಕೊಂದು ಅಂಟಿ ಅಲೆಅಲೆಯಾಗಿ ಕಾಣ್ತವೆ. ಬಾಂಗಡೆಯ ಬೆನ್ನಿನ ಪಟ್ಟೆ ಒಂದೊಂದಾಗಿ ಬಿಡಿಸಿದರೆ ಫೋನಿನಲ್ಲಿ ಬರೀ ಮಸಿ.

ಕಮೆಂಟು ನೋಡಿ: "ನಮ್ಮ ಬಾಯಿ ಎಲ್ಲಿ, ಇವಳ್ಯಾರು?" "ಇದು ಮಕ್ಕಳ ಚಾನೆಲ್ಲಾ?" ಒಬ್ಬರಂತೂ "ಎಐ ಮಾಡಿಕೊಟ್ಟದ್ದು" ಅಂತ ಬರೆದಿದ್ದಾರೆ, ಅದಕ್ಕೆ ಲೈಕು ಬೇರೆ. ಉಳಿದದ್ದೆಲ್ಲ ಸರಿ, ಇದು ಮಾತ್ರ ಹೊಟ್ಟೆ ಉರಿಸ್ತು. ಕೈನೋವು ಹೇಳಿಕೊಂಡರೆ ಕನಿಕರ ಬೇಡಿದ ಹಾಗೆ ಆಗ್ತದಾ? ಹಳೇ ಕಂತುಗಳನ್ನೂ ಹೊಸ ಗೆರೆಯಲ್ಲಿ ಬಿಡಿಸಿ ಎಲ್ಲ ಒಂದೇ ತರ ಮಾಡ್ಲಾ? ಅಥವಾ ಪೆನ್ನಿಗೇ ವಾಪಸ್ ಹೋಗ್ಲಾ?

ಗೀಚುಕಡ್ಡಿ (ಕುಮಟಾ):

ಪೆನ್ನಿಗೆ ಹೋಗ್ಬೇಡಿ ಅಕ್ಕ. ಕೈ ಹೋದಮೇಲೆ ಯಾವ ಗೆರೆ ಇದ್ದು ಏನು? ಚಾರ್ಲ್ಸ್ ಶುಲ್ಜ್ 'ಪೀನಟ್ಸ್' ಕಾಮಿಕ್ ಶುರು ಮಾಡಿದ್ದು 1950ರಲ್ಲಿ. ಆಗ ಅದರ ಸ್ನೂಪಿ ನಾಲ್ಕು ಕಾಲಲ್ಲಿ ನಡೆಯುವ ಮಾಮೂಲಿ ನಾಯಿ, ಆಮೇಲೆ ಬದಲಾಯ್ತು. ಕೊನೆಯ ವರ್ಷಗಳಲ್ಲಿ ಅವರ ಕೈ ನಡುಗಿ ಗೆರೆಯೂ ನಡುಗ್ತಿತ್ತು, ಹಾಗೇ ಅಚ್ಚಾಯ್ತು. ಓದುವವರು ಓದಿದರು.

ಹಳೇದನ್ನು ಮಾತ್ರ ಮುಟ್ಟಬೇಡಿ. ಟಿನ್‌ಟಿನ್‌ನ 'ಬ್ಲ್ಯಾಕ್ ಐಲ್ಯಾಂಡ್' ಕಾಮಿಕ್ ಕಥೆಯಲ್ಲಿ ಬ್ರಿಟನ್ನಿನ ವಿವರ ತಪ್ಪಿದೆ ಅಂತ ಅಲ್ಲಿನ ಪ್ರಕಾಶಕರು ಪಟ್ಟಿ ಕೊಟ್ಟು, ಅದರ ಚಿತ್ರಕಾರ ಎರ್ಜೆ ಇಡೀ ಪುಸ್ತಕ ಮತ್ತೆ ಬಿಡಿಸಿ 1966ರಲ್ಲಿ ತಂದರು. ವಿವರ ಸರಿಹೋಯ್ತು. ಆದರೂ ಹಳೇದೇ ಚಂದ ಅನ್ನುವವರು ಈಗಲೂ ಇದ್ದಾರೆ. ನಿಮಗ್ಯಾಕೆ ಆ ಕೆಲಸ, ಅದೂ ಆ ಮಣಿಕಟ್ಟು ಇಟ್ಟುಕೊಂಡು?

ಎಐ ಅಂದವರ ಹತ್ರ ವಾದ ಬೇಡ. ಪ್ರೊಕ್ರಿಯೇಟ್ ಆ್ಯಪ್ ಆದರೆ ಬಿಡಿಸಿದ್ದರ ವೇಗದ ವಿಡಿಯೋ, ಅಂದ್ರೆ ಟೈಮ್‌ಲ್ಯಾಪ್ಸ್ ತನ್ನಷ್ಟಕ್ಕೆ ರೆಕಾರ್ಡ್ ಆಗಿರ್ತದೆ. ಒಂದು ಹಾಕಿಬಿಡಿ.

ನೀಲೇಕಣಿ ಸ್ಟಾಪು (ಶಿರಸಿ):

"ಇವಳ್ಯಾರು" ಅಂತ ಕೇಳಿದವರಲ್ಲಿ ನಾನೂ ಒಬ್ಬ. ಬೇಜಾರು ಮಾಡ್ಕೋಬೇಡಿ, ಆದರೆ ನನ್ನ ತಕರಾರು ಗೆರೆಯದ್ದಲ್ಲ. ಮೊನ್ನೆ ಹಳೇ ಕಂತು, ಹೊಸ ಕಂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೇದರಲ್ಲಿ ಬಾಯಿಯ ಹಿಂದೆ ಕಾಳಿ ನದಿ, ಎರಡೆರಡು ಸೇತುವೆ, ಕಂಬ ಎಣಿಸಬಹುದಿತ್ತು. ಬಸ್ಸಿನ ಬೋರ್ಡಿನಲ್ಲಿ ಅಂಕೋಲಾ ಅಂತ ಓದಬಹುದಿತ್ತು. ಆ ಎರಡು ಸೇತುವೆಯಲ್ಲಿ ಹಳೇದು 2024ರ ಆಗಸ್ಟಿನಲ್ಲಿ ಬಿದ್ದೇಹೋಯ್ತು, ಆ ಕಂತನ್ನು ನಾನು ಸೇವ್ ಮಾಡಿಟ್ಟಿದ್ದೇನೆ. ಹೊಸದರಲ್ಲಿ ಬಾಯಿಯ ಹಿಂದೆ ಏನಿದೆ? ಹಳದಿ ಬಣ್ಣ. ಅವಳು ಕಾರವಾರದಲ್ಲಿ ಕೂತಿದ್ದಾಳೋ ಹುಬ್ಬಳ್ಳಿಯಲ್ಲೋ ಯಾರಿಗೆ ಗೊತ್ತು ಮಾರಾಯ್ರೆ?

ಚಪ್ಪಟೆ ಬಣ್ಣ ಅಂದಮಾತ್ರಕ್ಕೆ ಖಾಲಿ ಬಿಡಬೇಕು ಅಂತೇನಿಲ್ಲ. ನಮ್ಮ ಮಾರಿಕಾಂಬೆ ಗುಡಿಯ ಕಾವಿ ಚಿತ್ರ ನೋಡಿ. ಕಾವಿ ಕೆಲಸ ಅಂದ್ರೆ ಸುಣ್ಣದ ಗಾರೆ, ಮೇಲೆ ಕೆಮ್ಮಣ್ಣಿನ ಲೇಪ, ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಕಾಣೋದು. ಇರೋದೇ ಎರಡು ಬಣ್ಣ, ನೆರಳಿನ ಮಾತೇ ಇಲ್ಲ. ಹಾಗಂತ ಆ ಕೆಲಸ ಮಾಡಿದವರು ಗೋಡೆ ಬರಿದು ಬಿಟ್ಟವರಲ್ಲ.

ಕೋಡಿಬಾಗದವಳು:

ಕಾವಿ ಮಾಡಿದವರಿಗೆ ವಾರಕ್ಕೊಂದು ಗೋಡೆ ಮುಗಿಸುವ ಗಡುವು ಇರ್ಲಿಲ್ಲ ಅಣ್ಣ! ಪ್ರತೀ ಚೌಕದಲ್ಲೂ ಸೇತುವೆ ಬಿಡಿಸೋದು ನನ್ನಿಂದಾಗದು. ಆದರೆ ಹುಬ್ಬಳ್ಳಿ ಅಂದದ್ದು ನಾಟಿತು. ಕಂತಿನ ಮೊದಲ ಚೌಕದಲ್ಲಿ ಊರು ಪೂರ್ತಿ ಬಿಡಿಸ್ತೇನೆ: ನದಿ, ಸದಾಶಿವಗಡದ ಗುಡ್ಡ, ಉಳಿದಿರುವ ಒಂದು ಸೇತುವೆ. ಆಮೇಲಿನವುಗಳಲ್ಲಿ ಮೂಲೆಯಲ್ಲಿ ಏನಾದರೊಂದು, ತಕ್ಕಡಿನೋ ಬೆಕ್ಕೋ. ದಪ್ಪ ಗೆರೆ ಮಾತ್ರ ಬಿಡಲ್ಲ.

ಅಂಕೋಲಾ ಹುಡುಗಿ, ಈಗ ಬೆಂಗಳೂರು:

ನಂಗೆ ಗೆರೆ ಗಿರೆ ತಿಳಿಯಲ್ಲ. ಅಕ್ಷರ ದೊಡ್ಡದಾಗಿ ಅಮ್ಮ ಕನ್ನಡಕ ಹುಡುಕದೆ ಓದ್ತಾಳೆ, ಖುಷಿ. ಆದರೆ ಅಮ್ಮನೇ ಹೇಳಿದ್ದು: "ಇವಳಿಗೆ ಇಪ್ಪತ್ತು ವರ್ಷ ಕಡಿಮೆ ಆಗಿದೆ." ನೋಡಿದ್ರೆ ಹೌದು! ಅಡ್ಡಗೆರೆ ತೆಗೆದಾಗ ಬಾಯಿಯ ಮುಖದ ಸುಕ್ಕೂ ಹೋಗಿದೆ. ಗಿರಾಕಿಗೆ ಬೈಯುವಾಗ ಮೊದಲಿದ್ದ ಗತ್ತು ಇಲ್ಲ, ಸೊಸೆ ಬೈದ ಹಾಗೆ ಕಾಣ್ತದೆ. ಜನ "ನಮ್ಮ ಬಾಯಿ ಎಲ್ಲಿ" ಅಂದದ್ದು ಇದಕ್ಕೇ ಇರ್ಬೇಕು.

ಕೋಡಿಬಾಗದವಳು:

ಅಮ್ಮನಿಗೆ ನಮಸ್ಕಾರ ಹೇಳಿ. ಇದನ್ನು ಇಷ್ಟು ಜನರಲ್ಲಿ ಒಬ್ಬರೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಕೂತು ನೋಡಿದೆ: ಕಣ್ಣಿನ ಕೆಳಗೆ ಒಂದು ದಪ್ಪ ಗೆರೆ, ಕತ್ತಿನಲ್ಲಿ ಎರಡು, ಗಲ್ಲ ಸ್ವಲ್ಪ ಜೋತುಬಿದ್ದದ್ದು. ಸಾಕು, ಐವತ್ತೈದಕ್ಕೆ ಬಂದ್ಲು. ಕೈಯೂ ನೋಯಲಿಲ್ಲ.

ಕುಮಟಾದವರೇ, ಟೈಮ್‌ಲ್ಯಾಪ್ಸ್ ಹಾಕಿದೆ. ಕೆಳಗೆ ಕೈನೋವಿನ ಬಗ್ಗೆ ಒಂದೇ ಸಾಲು ಬರೆದೆ, ಹೆಚ್ಚು ಗೋಳಾಡಲಿಲ್ಲ. ಎಐ ಅಂದವರು ಬಂದು "ಈ ವಿಡಿಯೋನೂ ಎಐ ಇರಬಹುದು" ಅಂದ್ರು. ಬ್ಲಾಕ್ ಮಾಡಿ ಶೆಟ್ಲಿ (ಸಿಗಡಿ) ತರೋಕೆ ಹೋದೆ.